ಗಟ್ಟಿಯಾದ ರೆಸಿನ್ ಯಾವ ಥಿನ್ನರ್‌ಗೆ ಕರಗುತ್ತೆ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆ ಶಹಾಪುರದವನು. ಮನೆಯ ಕೂಲರ್ ತಳ ತುಕ್ಕು ಹಿಡಿದು ಸೋರುತ್ತಿತ್ತು. ಕಲಬುರಗಿಯಿಂದ ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್, ಫೈಬರ್ ಮ್ಯಾಟ್, ಹಾರ್ಡ್ನರ್, ಕೋಬಾಲ್ಟ್ ತಂದು ನಾನೇ ಪಡಸಾಲೆಯಲ್ಲಿ ಕೂತು ಮೆತ್ತಿದೆ. ಏಪ್ರಿಲ್ ಕೊನೆ, ಮಧ್ಯಾಹ್ನ ಎರಡು ಗಂಟೆ. ಅವ್ವನ ಸ್ಟೀಲ್ ಬೋಗುಣಿಯಲ್ಲಿ ಅರ್ಧ ಕಿಲೋ ಒಮ್ಮೆಗೇ ಕಲಸಿದೆ. ಎರಡು ಪದರ ಹಾಕುವಷ್ಟರಲ್ಲಿ ಬೋಗುಣಿಯಿಂದ ಹೊಗೆ ಬಂತು, ಉಳಿದದ್ದು ಕಲ್ಲಾಯಿತು. ಬ್ರಷ್ ಕಟ್ಟಿಗೆಯಂತಾಗಿದೆ. ನೆಲದ ಪರ್ಸಿ ಕಲ್ಲಿನ ಮೇಲೆ ಅಲ್ಲಲ್ಲಿ ಬಿದ್ದ ಹನಿ ಏಳುತ್ತಿಲ್ಲ. ಥಿನ್ನರ್ ಹಾಕಿದೆ, ಪೆಟ್ರೋಲ್ ಹಾಕಿದೆ, ಆಗಲಿಲ್ಲ. ಪಕ್ಕದ ಮನೆಯವರು ಬಾತ್‌ರೂಮ್ ಆ್ಯಸಿಡ್ ಹಾಕು ಅಂತಾರೆ. ಕೈ ತೊಳೆಯಲು ಥಿನ್ನರನ್ನೇ ಬಳಸಿದ್ದಕ್ಕೆ ಬೆರಳೆಲ್ಲ ಬೆಳ್ಳಗಾಗಿ ಉರಿಯುತ್ತಿವೆ. ಕೂಲರ್ ತಳ ಎರಡು ದಿನ ಆದರೂ ಅಂಟಂಟು. ಉಳಿದ ಹಾರ್ಡ್ನರನ್ನು ನೀರಿನ ಬಾಟಲಿಗೆ ಹಾಕಿ, ಕೋಬಾಲ್ಟ್ ಜೊತೆ ಕಿಟಕಿಯಲ್ಲಿ ಇಟ್ಟಿದ್ದೇನೆ. ಗಟ್ಟಿಯಾದ ರೆಸಿನ್ ಕರಗಿಸುವ ಔಷಧ ಯಾವುದು ಹೇಳಿ.

ಉತ್ತರ: ನೀವು ಕೇಳಿದ್ದು ಪರ್ಸಿ, ಬ್ರಷ್, ಬೋಗುಣಿ ವಿಷಯ. ಆದರೆ ನಾನು ಬೆಚ್ಚಿದ್ದು ನಿಮ್ಮ ಪತ್ರದ ಕೊನೆಯ ಸಾಲು ಓದಿ. ಮೊದಲು ಎದ್ದು ಹೋಗಿ ಹಾರ್ಡ್ನರ್ ಬಾಟಲಿ ಉಬ್ಬಿದೆಯೇ ಅಂತ ದೂರದಿಂದಲೇ ನೋಡಿ. ಉಬ್ಬಿದ್ದರೆ ಮುಟ್ಟಬೇಡಿ, ಎಲ್ಲರನ್ನೂ ಆಚೆ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಉಬ್ಬಿಲ್ಲದಿದ್ದರೆ ಆ ಎರಡು ಬಾಟಲಿಗಳನ್ನು ಕಿಟಕಿಯಿಂದ ತೆಗೆದು ಬೇರೆ ಬೇರೆ ಕಡೆ ನೆರಳಲ್ಲಿ ಇಡಿ. ಮಿಕ್ಕದ್ದನ್ನು ಆಮೇಲೆ ಓದಿ.

ನಾವು ಹಾರ್ಡ್ನರ್ ಅನ್ನುವುದು ಮಿಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ನೋಡಲು ನೀರೇ. ನೀರಿನ ಬಾಟಲಿಯಲ್ಲಿ ಇಟ್ಟರೆ ಬಿಸಿಲಲ್ಲಿ ಬಂದ ಮಗುವೋ ಮುದುಕರೋ ಗುಟುಕರಿಸುತ್ತಾರೆ. ಗಂಟಲು, ಹೊಟ್ಟೆ ಸುಟ್ಟುಹೋಗುತ್ತವೆ. ಇದೊಂದು ಅಪಾಯ. ಎರಡನೆಯದು, ಹಾರ್ಡ್ನರ್ ಮತ್ತು ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ದ್ರಾವಣ) ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಅದಕ್ಕೇ ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್ ಹಾಕುವುದು. ಎರಡಕ್ಕೂ ಒಂದೇ ಅಳತೆ ಮುಚ್ಚಳ, ಒಂದೇ ಕಡ್ಡಿ ಬಳಸಬಾರದು. ಮೂರನೆಯದು ಬಿಸಿಲು. ಬಿಸಿಯಾದರೆ ಈ ಪೆರಾಕ್ಸೈಡ್ ಒಳಗೊಳಗೇ ಒಡೆದು ಗಾಳಿ ಬಿಡುತ್ತದೆ, ಬಿಗಿ ಮುಚ್ಚಳದ ಬಾಟಲಿ ಉಬ್ಬುತ್ತದೆ.

ಈಗಾಗಲೇ ಉಬ್ಬಿದ್ದರೆ ಅದನ್ನು ಅಲ್ಲಾಡಿಸಬೇಡಿ, ಮುಚ್ಚಳ ತೆಗೆಯಲೂ ಹೋಗಬೇಡಿ. ಎಲ್ಲರನ್ನೂ ಆಚೆ ಕಳಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಉಬ್ಬಿಲ್ಲದಿದ್ದರೆ ಹಾರ್ಡ್ನರ್ ಒಂದು ಕಡೆ, ಕೋಬಾಲ್ಟ್ ಇನ್ನೊಂದು ಕಡೆ, ಎರಡೂ ನೆರಳಲ್ಲಿ, ತಂಪಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಹಾರ್ಡ್ನರನ್ನು ಕಬ್ಬಿಣದ ಡಬ್ಬಿಗೆ ಸುರಿಯಬೇಡಿ. ಅಡುಗೆ ಪದಾರ್ಥದ ಜೊತೆ ಫ್ರಿಜ್‌ನಲ್ಲೂ ಬೇಡ. ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ, ರೆಸಿನ್ ಹಾರ್ಡ್ನರ್’ ಅಂತ ಬರೆದು ಅಂಟಿಸಿ. ಇನ್ನು ಬೇಡ ಅನಿಸಿದರೆ ಕೊಂಡ ಅಂಗಡಿಗೇ ತಿರುಗಿ ಕೊಡಿ. ಚರಂಡಿಗೆ ಬೇಡ. ಹಸಿ ರೆಸಿನ್ ತೊಳೆಯಲು ಬಳಸುವ ಅಸಿಟೋನ್ ಎಂಬ ದ್ರವಕ್ಕೆ ಬೆರೆಸುವುದಂತೂ ಖಂಡಿತ ಬೇಡ, ಅದು ಸಿಡಿಯುವ ವಸ್ತುವಿಗೆ ದಾರಿ.

ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಡಾಕ್ಟರ್ ಹತ್ತಿರ ಓಡುವ ಮೊದಲು ಆ ಕ್ಷಣವೇ ನೀರು. ಕನಿಷ್ಠ 15 ನಿಮಿಷ, ರೆಪ್ಪೆ ಬಿಡಿಸಿ ಹಿಡಿದು ಸುರಿಯುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆ. ಅದಕ್ಕೇ ನಮ್ಮ ಕಾರ್ಖಾನೆಯಲ್ಲಿ ನೀರಿನ ಬಕೆಟ್ ಪಕ್ಕದಲ್ಲಿ ಇಲ್ಲದೆ ಯಾರೂ ಹಾರ್ಡ್ನರ್ ಮುಚ್ಚಳ ತೆಗೆಯುವಂತಿಲ್ಲ.

ಸರಿ, ಈಗ ನಿಮ್ಮ ಪ್ರಶ್ನೆಗೆ ಬರೋಣ.

ಗಟ್ಟಿಯಾದ ಪಾಲಿಯೆಸ್ಟರ್ ರೆಸಿನ್ ಕರಗಿಸುವ ಥಿನ್ನರ್ ಇಲ್ಲ. ಯಾವ ಅಂಗಡಿಯಲ್ಲೂ ಇಲ್ಲ. ನಿಮಗೆ ಸಿಕ್ಕಿಲ್ಲ ಅಂತ ಬೇಜಾರಾಗಬೇಡಿ. ಕಲಬುರಗಿಯಲ್ಲಿ ಫೈಬರ್ ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ದಾಟಿದ ನನಗೂ ಸಿಕ್ಕಿಲ್ಲ.

ಎಲ್ಲರೂ ತಪ್ಪುವುದು ಒಂದೇ ಜಾಗದಲ್ಲಿ. ರೆಸಿನ್ ‘ಒಣಗುತ್ತದೆ’ ಅಂದುಕೊಳ್ಳುತ್ತಾರೆ. ಪೇಂಟ್ ಒಣಗುತ್ತದೆ, ಅದರೊಳಗಿನ ಥಿನ್ನರ್ ಹಾರಿ ಹೋಗುತ್ತದೆ. ಎಷ್ಟೋ ಪೇಂಟ್‌ಗೆ ಮತ್ತೆ ಥಿನ್ನರ್ ಹಾಕಿದರೆ ಮತ್ತೆ ಕರಗುತ್ತದೆ. ರೆಸಿನ್ ಹಾಗಲ್ಲ. ಡಬ್ಬಿಯಲ್ಲಿರುವುದು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿಸಿಟ್ಟ ಪಾಲಿಯೆಸ್ಟರ್. ಹಾರ್ಡ್ನರ್ ಬಿದ್ದ ಕೂಡಲೇ ಸ್ಟೈರೀನ್ ಈ ಪಾಲಿಯೆಸ್ಟರ್ ಎಳೆಗಳನ್ನು ಒಂದಕ್ಕೊಂದು ಹೆಣೆಯಲು ಶುರು ಮಾಡುತ್ತದೆ. ಹೆಣಿಗೆ ಮುಗಿದರೆ ಇಡೀ ತುಂಡು ಒಂದೇ ಬಲೆ. ಬೇಯಿಸಿದ ಮೊಟ್ಟೆಯನ್ನು ನೀರು ಹಾಕಿ ಹಸಿ ಮಾಡಲು ಆಗುತ್ತದೆಯೇ? ಇದೂ ಅಷ್ಟೇ. ಅಸಿಟೋನ್ ಹಾಕಿದರೆ ಮೇಲ್ಮೈ ಸ್ವಲ್ಪ ಉಬ್ಬಿ ಮೆತ್ತಗಾಗಬಹುದು, ಕರಗುವುದಿಲ್ಲ.

ಹಾಗಾಗಿ ಸ್ವಚ್ಛ ಮಾಡುವುದು ಗಡಿಯಾರದ ಕೆಲಸ. ರೆಸಿನ್ ಜೇನಿನಂತೆ ಹರಿಯುತ್ತಿರುವಾಗ ಅಸಿಟೋನ್‌ನಲ್ಲಿ ಎರಡು ನಿಮಿಷದ ಮಾತು. ಗಸಗಸೆ ಪಾಯಸದ ಹಾಗೆ ಮಂದವಾದಾಗ ಕಷ್ಟ, ಆದರೂ ಸಾಧ್ಯ. ಜೆಲ್ಲಿ ಹಾಗೆ ಮುದ್ದೆಯಾದ ಮೇಲೆ ಕೆರೆಯಬಹುದೇ ಹೊರತು ತೊಳೆಯಲಾಗದು.

ಆ ಗಡಿಯಾರ ನಮ್ಮ ಊರಲ್ಲಿ ಜೋರಾಗಿ ಓಡುತ್ತದೆ. ‘ಗಟ್ಟಿಯಾಗಲು 20 ನಿಮಿಷ’ ಅಂತ ಅಂಗಡಿಯವರು ಹೇಳುವುದು 25 ಡಿಗ್ರಿ ಸೆಲ್ಸಿಯಸ್ ಲೆಕ್ಕ. ಸುಮಾರಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಏರಿದಾಗ ಸಮಯ ಅರ್ಧವಾಗುತ್ತದೆ. ನೀವು ಕಲಸಿದ್ದು ಏಪ್ರಿಲ್ ಮಧ್ಯಾಹ್ನ, 42 ಡಿಗ್ರಿ ಅಂತಿಟ್ಟುಕೊಳ್ಳಿ. 20 ನಿಮಿಷ ಆರೇಳು ನಿಮಿಷಕ್ಕೆ ಇಳಿಯಿತು. ಸಾಲದು ಅಂತ ಅರ್ಧ ಕಿಲೋ ಒಂದೇ ಬೋಗುಣಿಯಲ್ಲಿ. ಈ ಹೆಣಿಗೆ ನಡೆಯುವಾಗ ಶಾಖ ಹುಟ್ಟುತ್ತದೆ. ತೆಳ್ಳಗೆ ಹರಡಿದ್ದರೆ ಶಾಖ ಹೊರಗೆ ಹೋಗುತ್ತದೆ, ಪಾತ್ರೆಯಲ್ಲಿ ರಾಶಿಯಾಗಿದ್ದರೆ ಒಳಗೇ ಕೂತು ಮತ್ತಷ್ಟು ಬೇಗ ಬೇಯಿಸುತ್ತದೆ. ಒಳಗಿನ ಬಿಸಿ 150 ಡಿಗ್ರಿ ದಾಟುವುದುಂಟು. ನೀವು ಕಂಡ ಹೊಗೆ ಅದೇ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಒಮ್ಮೆಗೆ 150, 200 ಗ್ರಾಂ ಮಾತ್ರ ಕಲಸಿ. ನಿಧಾನ ಆಗಲಿ ಅಂತ ಹಾರ್ಡ್ನರನ್ನು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಮಾಡಬೇಡಿ. ಅರ್ಧಂಬರ್ಧ ಬೆಂದು, ಎಂದೂ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ.

ನೀವು ಮಾಡಿ ನೋಡಿದ ಮದ್ದುಗಳ ಬಗ್ಗೆ ಈಗ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಹಸಿ ಪಾಲಿಯೆಸ್ಟರ್ ರೆಸಿನ್‌ಗೇ ಸರಿಯಾಗಿ ಹತ್ತುವುದಿಲ್ಲ. ಗಟ್ಟಿಯಾದದ್ದರ ಮಾತು ಬಿಡಿ. ಪಡಸಾಲೆಯಲ್ಲಿ ಪೆಟ್ರೋಲ್ ಸುರಿದು ಉಜ್ಜಿದ್ದೀರಿ, ಒಳಗೆ ಒಲೆ ಉರಿಯುತ್ತಿರಲಿಲ್ಲ ಅನ್ನುವುದು ನಿಮ್ಮ ಪುಣ್ಯ. ಪೇಂಟ್ ಅಂಗಡಿಯ ಥಿನ್ನರ್ ಹಸಿ ರೆಸಿನ್ ಬಿಡಿಸುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಟೊಲ್ವೀನ್‌ನಂಥವು ಇರುತ್ತವೆ. ತಲೆ ಸುತ್ತುವುದು, ನರಕ್ಕೆ ಹೊಡೆತ ಅಸಿಟೋನ್‌ಗಿಂತ ಜಾಸ್ತಿ. ಕೊಳ್ಳುವುದಾದರೆ ಅಸಿಟೋನ್ ಕೊಳ್ಳಿ.

ಪಕ್ಕದ ಮನೆಯವರ ಆ್ಯಸಿಡ್? ಕೈ ಮುಗಿದು ಬೇಡ ಅನ್ನಿ. ನಿಮ್ಮ ನೆಲ ಶಹಾಬಾದ್ ಪರ್ಸಿ ಅಲ್ವಾ? ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಈ ಕಲ್ಲಿನ ಸಲುವಾಗಿ. ಬಾತ್‌ರೂಮ್ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ರೆಸಿನ್‌ಗೆ ಏನೂ ಮಾಡದು, ಕಲ್ಲನ್ನು ತಿನ್ನುತ್ತದೆ. ಸುರಿದ ಕೂಡಲೇ ಬುಸ್ ಅಂತ ನೊರೆ ಬರುತ್ತದೆ, ನೋಡಿದವರು ‘ಆಹಾ, ಕೆಲಸ ಮಾಡ್ತಿದೆ’ ಅನ್ನುತ್ತಾರೆ. ಕೆಲಸ ಮಾಡುತ್ತಿರುವುದು ಕಲ್ಲಿನ ಮೇಲೆ. ಹನಿಯ ಸುತ್ತ ಬೆಳ್ಳಗೆ ಮಾಸಿ ಕುಳಿ ಬೀಳುತ್ತದೆ, ಹನಿ ಅಲ್ಲೇ ಕೂತಿರುತ್ತದೆ.

ಪರ್ಸಿ ಮೇಲಿನ ಹನಿಗೆ ಬಿಸಿ ಮತ್ತು ಪಟ್ಟಿ, ಇವೆರಡೇ ಉಪಾಯ. ಗಟ್ಟಿಯಾದ ಸಾಧಾರಣ ರೆಸಿನ್ 70, 80 ಡಿಗ್ರಿ ಹೊತ್ತಿಗೆ ಸ್ವಲ್ಪ ಮೆತ್ತಗಾಗುತ್ತದೆ. ಮೊದಲು ಥಿನ್ನರ್, ಪೆಟ್ರೋಲ್ ವಾಸನೆ ಪೂರ್ತಿ ಹೋಗಿರಬೇಕು, ಅಂದರೆ ಕಿಟಕಿ ಬಾಗಿಲು ತೆರೆದು ಒಂದು ದಿನ ಬಿಡಿ. ಆಮೇಲೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಒಂದೊಂದೇ ಹನಿಗೆ ಎರಡು ಮೂರು ನಿಮಿಷ ಬಿಸಿ ಗಾಳಿ ಕೊಡಿ. ಬಿಸಿ ಇರುವಾಗಲೇ ಪುಟ್ಟಿ ಹಚ್ಚುವ ಪಟ್ಟಿಯನ್ನು ಮಲಗಿಸಿ ಹಿಡಿದು ಅಂಚಿನಿಂದ ಒಳಕ್ಕೆ ತಳ್ಳಿ. ಪಾಲಿಶ್ ಕಲ್ಲಾದರೆ ಎಷ್ಟೋ ಹನಿ ಬಿಲ್ಲೆಯ ಹಾಗೆ ಎದ್ದು ಬರುತ್ತವೆ, ಯಾಕೆಂದರೆ ರೆಸಿನ್ ಗಟ್ಟಿಯಾಗುವಾಗ ಕುಗ್ಗಿ ಅಂಚು ತಾನೇ ಸ್ವಲ್ಪ ಬಿಟ್ಟುಕೊಂಡಿರುತ್ತದೆ. ಬೆಂಕಿ ಉಗುಳುವ ಬ್ಲೋ ಲ್ಯಾಂಪ್ ಮಾತ್ರ ಬೇಡ. ಕಲ್ಲು ಪದರ ಬಿಟ್ಟು ಸಿಡಿಯುತ್ತದೆ, ರೆಸಿನ್ ಸುಟ್ಟು ಕರಿ ಹೊಗೆ ಬರುತ್ತದೆ. ಒರಟು ಪರ್ಸಿಯಾದರೆ ರೆಸಿನ್ ರಂಧ್ರಕ್ಕೆ ಇಳಿದಿರುತ್ತದೆ, ಕಲೆ ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ನೀರು ಹಾಕಿ ಎಮರಿ ಕಾಗದದಿಂದ ತಿಕ್ಕಬಹುದು. ಒಣಗಿದ್ದಾಗ ತಿಕ್ಕಿದರೆ ಧೂಳು ಎದೆಗೆ ಹೋಗುತ್ತದೆ, ಅದರಲ್ಲಿ ಫೈಬರ್ ಚೂರು ಇದ್ದರಂತೂ ಮೈಯೆಲ್ಲ ತುರಿಕೆ. ಎರಡು ಮೂರು ಕಲ್ಲಷ್ಟೇ ಕೆಟ್ಟಿದ್ದರೆ ಕಲ್ಲನ್ನೇ ಬದಲಿಸುವುದೂ ಒಂದು ದಾರಿ. ನಮ್ಮ ಕಡೆ ಪರ್ಸಿ ಬಂಗಾರವೇನಲ್ಲ.

ಮುಂದಿನ ಸಲ ಹನಿ ಬಿದ್ದ ಕೂಡಲೇ ಪಟ್ಟಿಯಿಂದ ಕೆರೆದು ತೆಗೆದು, ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಕೊನೆಗೆ ಸೋಪಿನ ನೀರು. ಅದಕ್ಕಿಂತ ಒಳ್ಳೆಯದು ಮೊದಲೇ ದಪ್ಪ ಪಾಲಿಥಿನ್ ಹಾಳೆ ಹಾಸುವುದು. ಪಾಲಿಥಿನ್‌ಗೆ ರೆಸಿನ್ ಅಂಟುವುದಿಲ್ಲ. ಅಸಿಟೋನನ್ನು ಎಲ್ಲದಕ್ಕೂ ಬಳಿಯಬೇಡಿ. ಬೈಕಿನ ಪೇಂಟ್, ಹೆಲ್ಮೆಟ್ ಗಾಜು, ಕನ್ನಡಕ, ಟಿವಿ ಚೌಕಟ್ಟು, ಕೂಲರ್‌ನ ಪ್ಲಾಸ್ಟಿಕ್ ಮುಂಭಾಗ, ಇವೆಲ್ಲ ಮಸುಕಾಗುತ್ತವೆ ಇಲ್ಲವೇ ಕರಗುತ್ತವೆ. ಬಟ್ಟೆಗೆ ಬಿದ್ದು ಗಟ್ಟಿಯಾಗಿದ್ದರೆ ಆ ಬಟ್ಟೆ ಇನ್ನು ಕೆಲಸದ ಬಟ್ಟೆ, ಅಷ್ಟೇ.

ಬ್ರಷ್ ವಿಷಯ ಒಂದೇ ಮಾತು. ಬಿಸಾಕಿ. ಹೊಸದರ ಬೆಲೆಗಿಂತ ಅದನ್ನು ಬದುಕಿಸುವ ಖರ್ಚು ಜಾಸ್ತಿ.

ಹೊಸ ಬ್ರಷ್ ಉಳಿಸಿಕೊಳ್ಳಬೇಕೆಂದರೆ ನಾವು ಮೂರು ಡಬ್ಬಿ ಇಡುತ್ತೇವೆ. ಮುಚ್ಚಳ ಇರುವ ತಗಡಿನ ಡಬ್ಬಿಗಳು, ಒಂದೊಂದರಲ್ಲಿ ಒಂದು ಲೋಟದಷ್ಟು ಅಸಿಟೋನ್. ಬ್ರಷ್‌ನ ರೆಸಿನ್ ಮೊದಲು ಹಳೆ ಪೇಪರ್‌ಗೆ ಒತ್ತಿ ಒರೆಸಬೇಕು. ಈ ಹೆಜ್ಜೆ ಬಿಟ್ಟವರೇ ಅಸಿಟೋನ್‌ಗೆ ದುಡ್ಡು ಸುರಿಯುವವರು. ಆಮೇಲೆ ಕೊಳಕು ಡಬ್ಬಿ, ನಡುವಿನ ಡಬ್ಬಿ, ಕೊನೆಗೆ ತಿಳಿ ಡಬ್ಬಿ. ಪ್ರತಿ ಸಲ ಹಿಂಡಿ ಮುಂದಿನದಕ್ಕೆ ಹೋಗಬೇಕು. ಕೊನೆಗೆ ಬಿಸಿನೀರು, ಬಟ್ಟೆ ಸೋಪಿನ ಪುಡಿ ಹಾಕಿ ತೊಳೆದು ನೇತುಹಾಕಿ. ಅಸಿಟೋನ್ ಇಲ್ಲದಿದ್ದರೂ, ರೆಸಿನ್ ಇನ್ನೂ ಹರಿಯುತ್ತಿದ್ದರೆ ಬಿಸಿನೀರಿಗೆ ಸೋಪಿನ ಪುಡಿ ಜಾಸ್ತಿ ಹಾಕಿ ಗಸಗಸ ತಿಕ್ಕಿದರೂ ಬಹುಪಾಲು ಬಿಡುತ್ತದೆ. ಶ್ರಮ ಹೆಚ್ಚು, ಬೆಂಕಿಯ ಭಯ ಇಲ್ಲ. ಮನೆಯಲ್ಲಿ ಮಾಡುವವರಿಗೆ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಆ ನೀರನ್ನು ಮಾತ್ರ ಬಚ್ಚಲಿಗೆ ಬಿಡದೆ ಒಂದು ಬಕೆಟ್‌ನಲ್ಲಿ ಇಡಿ. ತಳಕ್ಕೆ ಕೂತ ರೆಸಿನ್ ಗಟ್ಟಿಯಾದ ಮೇಲೆ ಸೋಸಿ ತೆಗೆಯಿರಿ. ರಾತ್ರಿಯೆಲ್ಲ ಬ್ರಷ್ಷನ್ನು ಅಸಿಟೋನ್‌ನಲ್ಲಿ ನೆನೆಹಾಕುವ ಅಭ್ಯಾಸ ಒಳ್ಳೆಯದಲ್ಲ. ಕೂದಲಿನ ಬುಡದ ಅಂಟು ಬಿಟ್ಟು ಬ್ರಷ್ ಬೋಳಾಗುತ್ತದೆ.

ಅಸಿಟೋನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಎರಡು ಪಟ್ಟು ಭಾರ. ಮೇಲೇರಿ ಹೋಗದೆ ನೆಲದ ಗುಂಟ ಹರಿದು ಅಡುಗೆಮನೆ ಒಲೆಯ ಹತ್ತಿರ ಹೋಗುತ್ತದೆ. ದೇವರ ಮುಂದಿನ ದೀಪ, ಅಗರಬತ್ತಿ, ಬೀಡಿ, ಫ್ಯಾನ್ ಸ್ವಿಚ್ಚಿನ ಕಿಡಿ, ಇದರಲ್ಲಿ ಯಾವುದಾದರೂ ಸಾಕು. ಹೊರಗೆ ಅಂಗಳದಲ್ಲಿ, ನೆರಳಲ್ಲಿ ಮಾಡಿ. ಬಚ್ಚಲಿಗೆ ಸುರಿಯಬೇಡಿ. ಕೊಳಕಾದ ಅಸಿಟೋನನ್ನು ಒಂದು ರಾತ್ರಿ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಮೊದಲ ಡಬ್ಬಿಗೆ ಬಳಸಬಹುದು.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಕೆಲಸ ಕಲಿಯುವಾಗ ಒಂದು ಸಂಜೆ ನಾನೇ ಹಾಗೆ ಎಸೆದು ಹೋಗಿದ್ದೆ. ಮರೆತ ಊಟದ ಡಬ್ಬಿ ತರಲು ವಾಪಸ್ ಬಂದಾಗ ಕಸದ ಬುಟ್ಟಿಯಿಂದ ಹೊಗೆ ಏಳುತ್ತಿತ್ತು. ಹಾರ್ಡ್ನರ್ ಹಿಡಿದ ಬಟ್ಟೆ ಒಳಗೇ ಕಾವು ಕಟ್ಟಿಕೊಂಡು ಬೇಯುತ್ತಿತ್ತು. ಅಂದಿನಿಂದ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವುವುದು, ಗಟ್ಟಿಯಾದ ಮೇಲೆಯೇ ಕಸಕ್ಕೆ ಹಾಕುವುದು.

ಈಗ ನಿಮ್ಮ ಕೈ. ಥಿನ್ನರ್ ಆಗಲಿ ಅಸಿಟೋನ್ ಆಗಲಿ, ಚರ್ಮದ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ಬೆಳ್ಳಗಾಗಿದ್ದು ಅದಕ್ಕೆ. ಜಿಡ್ಡು ಹೋದ ಚರ್ಮದಲ್ಲಿ ರೆಸಿನ್, ಸ್ಟೈರೀನ್ ಇನ್ನೂ ಸಲೀಸಾಗಿ ಒಳಗೆ ಇಳಿಯುತ್ತವೆ. ನಾನೂ ಮೊದಲ ಎಷ್ಟೋ ವರ್ಷ ಅಸಿಟೋನ್‌ನಲ್ಲೇ ಕೈ ತೊಳೆದವನು. ಚಳಿಗಾಲ ಬಂದರೆ ಬೆರಳ ಸಂದು ಒಡೆದು, ರೊಟ್ಟಿ ಮುರಿದು ಖಾರದ ಪಲ್ಯಕ್ಕೆ ಅದ್ದಿದರೆ ಕಣ್ಣಲ್ಲಿ ನೀರು. ಈಗ ನಮ್ಮ ಹುಡುಗರಿಗೆ ನಾನು ಕೊಡುವುದು ಕುಸುಬಿ ಎಣ್ಣೆ. ಹಸಿ ರೆಸಿನ್ ಕೈಗೆ ಅಂಟಿದ ಕೂಡಲೇ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ ತಿಕ್ಕಿ, ಮೇಲೆ ಒಂದು ಮುಷ್ಟಿ ಜೋಳದ ಹಿಟ್ಟೋ ಸಕ್ಕರೆಯೋ ಹಾಕಿ ಉಜ್ಜಿದರೆ ಅಂಟು ಉಂಡೆ ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪು, ನೀರು. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಚರ್ಮದ ಮೇಲೆ ಗಟ್ಟಿಯಾಗಿದ್ದರೆ ಕಿತ್ತು ತೆಗೆಯಬೇಡಿ, ಒಂದೆರಡು ದಿನದಲ್ಲಿ ತಾನೇ ಉದುರುತ್ತದೆ. ನಿಮ್ಮ ಉರಿ ಮೂರು ದಿನದಲ್ಲಿ ಇಳಿಯದಿದ್ದರೆ, ಗುಳ್ಳೆ ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಗ್ಲೌಸ್ ಹಾಕಿಕೊಳ್ಳಿ, ಆದರೆ ನಂಬಿ ಕೂರಬೇಡಿ. ನೀಲಿ ನೈಟ್ರೈಲ್ ಗ್ಲೌಸ್ ರೆಸಿನ್ ಕೈಗೆ ಹತ್ತದಂತೆ ಸ್ವಲ್ಪ ಹೊತ್ತು ತಡೆಯುತ್ತದೆ, ಅಸಿಟೋನ್ ಅದನ್ನು ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತದೆ. ಒದ್ದೆಯಾದ ಕೂಡಲೇ ಬದಲಿಸಬೇಕು. ಬಟ್ಟೆಯ ಮಾಸ್ಕ್ ಧೂಳಿಗೆ ಮಾತ್ರ, ವಾಸನೆಗೆ ಅಲ್ಲ. ಕೆಲಸ ಮುಗಿಸಿ ಬೆಲ್ಲ ತಿಂದರೆ ಎದೆ ಸ್ವಚ್ಛವಾಗುತ್ತದೆ ಅಂತ ಹಳಬರು ಹೇಳುತ್ತಾರೆ. ಬೆಲ್ಲ ರುಚಿಗೆ ತಿನ್ನಿ. ಸ್ಟೈರೀನ್ ಸಾಮಾನ್ಯದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿತು. ಒಂದು ದಿನ ಕೂಲರ್ ಮೆತ್ತಿದ್ದಕ್ಕೆ ಹೆದರಬೇಡಿ. ವರ್ಷಗಟ್ಟಲೆ ಮುಚ್ಚಿದ ಶೆಡ್‌ನಲ್ಲಿ ದುಡಿಯುವ ನಮ್ಮಂಥವರು ಹೆದರಬೇಕು.

ಅಂಟಂಟಾದ ಕೂಲರ್ ತಳಕ್ಕೆ ಬರೋಣ. ಉಗುರಿನಿಂದ ಒತ್ತಿ ನೋಡಿ. ಒಳಗೆ ಗಟ್ಟಿ, ಮೇಲೆ ಮಾತ್ರ ಅಂಟು ಅಂದರೆ ನಿಮ್ಮ ತಪ್ಪಲ್ಲ. ಗಾಳಿಯಲ್ಲಿನ ಆಮ್ಲಜನಕ ಮೇಲ್ಪದರದ ಹೆಣಿಗೆಯನ್ನು ತಡೆಯುತ್ತದೆ. ಮೇಣ ಇಲ್ಲದ ರೆಸಿನ್‌ನ ಗುಣವೇ ಅದು. ಅಂಗಳಕ್ಕೆ ಒಯ್ದು, ಗ್ಲೌಸ್ ಹಾಕಿ ಅಸಿಟೋನ್ ಬಟ್ಟೆಯಿಂದ ಒರೆಸಿ. ಆಮೇಲೆ ತೆಳ್ಳಗೆ ಇನ್ನೊಂದು ಕೈ ರೆಸಿನ್ ಬಳಿದು, ಮೇಲೆ ದಪ್ಪ ಪಾಲಿಥಿನ್ ಹಾಳೆ ಗುಳ್ಳೆ ಇಲ್ಲದಂತೆ ಹಾಸಿ. ಗಟ್ಟಿಯಾದ ಮೇಲೆ ಹಾಳೆ ಎಳೆದರೆ ಅಂಟು ಇರುವುದಿಲ್ಲ. ಉಗುರು ಒಳಗೆ ಇಳಿಯುತ್ತದೆ ಅಂದರೆ ಹಾರ್ಡ್ನರ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಕಲಸಿಲ್ಲ. ಅದನ್ನು ಕೆರೆದು ತೆಗೆದು ಹೊಸದಾಗಿ ಹಾಕಬೇಕು. ಅದರ ಮೇಲೆ ಬರಿಯ ಹಾರ್ಡ್ನರ್ ಸವರುವವರಿದ್ದಾರೆ, ಹಾಗೆ ಮಾಡಬೇಡಿ.

ಕೂಲರನ್ನು ಕೂಡಲೇ ಶುರು ಮಾಡಬೇಡಿ. ಅದು ಆ ತಳದ ನೀರನ್ನೇ ಗಾಳಿಯಲ್ಲಿ ಬೆರೆಸಿ ಮಲಗುವ ಕೋಣೆಗೆ ತಳ್ಳುವ ಯಂತ್ರ. ನಾಲ್ಕೈದು ದಿನ ಬಿಸಿಲಿಗೆ ಇಡಿ, ಈ ಒಂದು ಕೆಲಸಕ್ಕೆ ನಮ್ಮ ಬಿಸಿಲು ವರ. ಉಳಿದ ಸ್ಟೈರೀನ್ ಹೋಗುತ್ತದೆ, ರೆಸಿನ್ ಇನ್ನಷ್ಟು ಬಲಿಯುತ್ತದೆ. ಆಮೇಲೆ ಎರಡು ಮೂರು ಸಲ ನೀರು ತುಂಬಿ ಚೆಲ್ಲಿ. ವಾಸನೆ ಇನ್ನೂ ಇದ್ದರೆ ಇನ್ನೆರಡು ದಿನ ಬಿಸಿಲು.

ಕೊನೆಗೆ ಬೋಗುಣಿ. ಅಂಚಿನವರೆಗೆ ಕುದಿನೀರು ಹಾಕಿ ಹತ್ತು ನಿಮಿಷ ಬಿಡಿ, ಚೆಲ್ಲಿ ಕೂಡಲೇ ತಣ್ಣೀರು ಹಾಕಿ. ಎರಡು ಮೂರು ಸಲ ಹೀಗೆ ಮಾಡಿ ಬೋರಲು ಹಾಕಿ ಕಟ್ಟಿಗೆ ಸುತ್ತಿಗೆಯಿಂದ ತಟ್ಟಿ. ನುಣುಪಾದ ಸ್ಟೀಲ್ ಆದರೆ ಗಟ್ಟಿ ಬಿಲ್ಲೆ ಒಂದೇ ತುಂಡಾಗಿ ಬೀಳುವ ಸಾಧ್ಯತೆ ಚೆನ್ನಾಗಿದೆ. ಹಟ ಹಿಡಿದರೆ ಕೆಲವರು ಕಾಸ್ಟಿಕ್ ಸೋಡಾ ನೀರಿನಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಅದು ರೆಸಿನ್ನಿನ ಬಲೆಯನ್ನು ನಿಧಾನವಾಗಿ ಕಡಿಯುತ್ತದೆ, ನಿಜ. ಕಣ್ಣಿಗೆ ಹಾರಿದರೆ ಕಣ್ಣನ್ನೂ ಸುಡುತ್ತದೆ, ಅಲ್ಯುಮಿನಿಯಂ ಆದರೆ ಪಾತ್ರೆಯನ್ನೇ ತಿನ್ನುತ್ತದೆ. ಒಂದು ಬೋಗುಣಿಗಾಗಿ ಅಷ್ಟೆಲ್ಲ ಬೇಡ. ರೆಸಿನ್ ಬಿಟ್ಟರೂ ಅದು ಮತ್ತೆ ಒಲೆ ಮೇಲೆ ಏರಬಾರದು, ಮೊಳೆ ಸ್ಕ್ರೂ ಹಾಕಿಡಲು ಇಟ್ಟುಕೊಳ್ಳಿ. ಮುಂದಿನ ಸಲ ಕಲಸಲು ಹಳೆಯ ಪ್ಲಾಸ್ಟಿಕ್ ಮಗ್ ತೆಗೆದುಕೊಳ್ಳಿ, ಗಟ್ಟಿಯಾದ ಮೇಲೆ ಹಿಂಡಿದರೆ ರೆಸಿನ್ ಚಟಪಟ ಉದುರುತ್ತದೆ. ಥರ್ಮೋಕೋಲ್ ಲೋಟ ಬೇಡ, ರೆಸಿನ್ ಅದನ್ನು ಕರಗಿಸಿ ನಿಮ್ಮ ಕಾಲ ಮೇಲೆ ಸುರಿಯುತ್ತದೆ. ಅವ್ವನಿಗೆ ಹೊಸ ಬೋಗುಣಿ ತಂದುಕೊಡಿ, ಹಳೆಯದಕ್ಕಿಂತ ಒಂದು ಅಳತೆ ದೊಡ್ಡದೇ ಇರಲಿ.